ಆ ಶಾಲು ಯಾವ ಬಣ್ಣದ್ದು?

ಹೆಂಡತಿಯ ಹುಟ್ಟುಹಬ್ಬಕ್ಕೆ ಈ ಸಲ ಜಗತ್ತೇ ಬೆರಗಾಗುವ ಉಡುಗೊರೆ ಕೊಡುತ್ತೇನೆಂದು ಪಣ ತೊಟ್ಟೆ! ಬಾಲ್ಕನಿಯಲ್ಲಿ ಅವಳೂ ಅತ್ತೆಯವರೂ ನಿಂತಿರುವ ಫೋಟೊ. ತೆಗೆದವನು ಸಾಕ್ಷಾತ್ ನಾನೇ. ಅದನ್ನು ಕಪ್ಪುಬಿಳುಪು ಮಾಡಿ, ಅವಳು ಹೊದ್ದ ಶಾಲಿಗೆ ಮಾತ್ರ ಬಣ್ಣ ಉಳಿಸುವುದು. "ನೀವು ನನ್ನ ಕಡೆ ನೋಡೋದೇ ಇಲ್ಲ" ಎಂಬ ಅವಳ ನಿತ್ಯದ ದೂರಿಗೆ ಇದೇ ನನ್ನ ಉತ್ತರ!

"ಭಾವ, ಮೊದಲು ಒಂದು ಕಾಪಿ ತೆಗೆದಿಟ್ಕೊಳ್ಳಿ" ಎಂದ, ಸ್ಟುಡಿಯೊ ನಡೆಸುವ ಭಾವಮೈದುನ.

"ನನಗೇ ಪಾಠ ಹೇಳ್ತೀಯೇನೋ!" ಎಂದು ಫೋನಿಟ್ಟೆ.

ಒಂದೇ ಒತ್ತು, ಫೋಟೊ ಕಪ್ಪುಬಿಳುಪಾಯಿತು. ಆಹಾ! ಆ ಸಂಭ್ರಮದಲ್ಲಿ ಸೇವ್ ಒತ್ತಿ, ಎಲ್ಲ ಮುಚ್ಚಿ, ಕಾಫಿ ಕುಡಿದು ಬಂದೆ. ಮತ್ತೆ ತೆರೆದರೆ ಬಣ್ಣ ಮಂಗಮಾಯ! ಅಸಲು ಫೋಟೊದ ಮೇಲೆಯೇ ಸೇವ್ ಮಾಡಿಬಿಟ್ಟಿದ್ದೆ. ಹೋಗಲಿ, ಶಾಲಿಗೆ ನಾನೇ ಬಣ್ಣ ಬಳಿದರಾಯಿತು ಎಂದು ಮೌಸ್ ಹಿಡಿದೆ. ಹಿಡಿದ ಕೈ ಅಲ್ಲೇ ನಿಂತಿತು. ಅಷ್ಟಕ್ಕೂ ಆ ಶಾಲು ಯಾವ ಬಣ್ಣದ್ದು?

ಹೆಂಡತಿಯನ್ನು ಕೇಳುವಂತಿಲ್ಲ. ಕೇಳಿದರೆ ಅವಳ ದೂರಿಗೆ ನಾನೇ ಸಾಕ್ಷಿ ಹೇಳಿದಂತೆ! ಮಗಳ ಕಿವಿಯಲ್ಲಿ ಪಿಸುಗುಟ್ಟಿದೆ.

"ಹಸಿರಲ್ವಾ ಅಪ್ಪಾ?"

ಅತ್ತೆಯವರಿಗೆ ಫೋನು ಮಾಡಿದೆ.

"ನೇರಳೆ ಇರ್ಬೇಕು ಅಳಿಯಂದ್ರೇ. ಯಾಕೆ, ಕಳೆದುಹಾಕಿದ್ಲಾ?"

ಇನ್ನು ಕುತೂಹಲ ತಡೆಯಲಾಗಲಿಲ್ಲ. ಬೀರುವಿನೊಳಗೆ ತಲೆ ತೂರಿಸಿದೆ. ಬಟ್ಟೆಯ ರಾಶಿ ದಬದಬನೆ ಮೈಮೇಲೆ ಬಿತ್ತು. ಅದರೊಳಗಿಂದ ತಲೆ ಎತ್ತಿದರೆ ಎದುರಿಗೆ ಹೆಂಡತಿ!

"ಏನ್ರೀ ಹುಡುಕ್ತಿದ್ದೀರಿ?"

"ನನ್ನ... ಕಾಲುಚೀಲ!"

"ಕಾಲಲ್ಲೇ ಇದೆಯಲ್ಲ!"

ಮತ್ತೆ ಬೀರು ಮುಟ್ಟುವ ಧೈರ್ಯವಾಗಲಿಲ್ಲ. ಪ್ರೀತಿಯ ಬಣ್ಣ ಕೆಂಪು ತಾನೇ? ಬಳಿದೇಬಿಟ್ಟೆ! ಕೈ ಜಾರಿ ಅತ್ತೆಯವರ ಮೂಗೂ ಕೆಂಪಾಯಿತು. ಕೇಳಿದರೆ ನೆಗಡಿ ಅಂದರಾಯಿತು.

ಹುಟ್ಟುಹಬ್ಬದ ದಿನ ಎಲ್ಲರೆದುರು ಚೌಕಟ್ಟಿನ ಮುಸುಕು ತೆಗೆದೆ. ಅತ್ತೆಯವರು ಮೂಗು ಮುಟ್ಟಿ ನೋಡಿಕೊಂಡರು. ಹೆಂಡತಿ ಚೌಕಟ್ಟನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಕಣ್ಣಲ್ಲಿ ನೀರು ಬರುತ್ತದೋ ಬೆಂಕಿ ಬರುತ್ತದೋ ಎಂದು ನಾನು ಕಾದೆ.

"ನಿನ್ನ ಶಾಲೊಂದಕ್ಕೇ ಬಣ್ಣ ಉಳಿಸಿದ್ದೀನಿ" ಎಂದೆ, ಎದೆಯುಬ್ಬಿಸಿ. "ಯಾಕೆ ಹೇಳು? ಅವತ್ತು ನನ್ನ ಕಣ್ಣೆಲ್ಲ ನಿನ್ನ ಮೇಲೇ ಇತ್ತು!"

"ಹೌದಾ?"

ಒಳಗೆ ಹೋದವಳು ಆ ಶಾಲನ್ನೇ ತಂದು, ಸನ್ಮಾನ ಮಾಡುವವರಂತೆ ನನಗೆ ಹೊದಿಸಿದಳು. ಅಪ್ಪಟ ಬೂದು ಬಣ್ಣ!

"ಇಡೀ ಫೋಟೊದಲ್ಲಿ ಸರಿಯಾಗಿದ್ದದ್ದು ಇದೊಂದೇ ಕಣ್ರೀ. ಹುಡುಕಿ ಹುಡುಕಿ ಅದನ್ನೇ ಕೆಡಿಸಿದ್ರಲ್ಲ!"