ಕೀಲೆಣ್ಣೆ ಹಚ್ಚಿದ ಬ್ರೇಕು

ಯಾವುದೇ ವಸ್ತು ಕಿರುಗುಟ್ಟಿದರೆ ಅದು ಎಣ್ಣೆ ಕೇಳುತ್ತಿದೆ ಎಂದೇ ಅರ್ಥ. ಬಾಗಿಲು, ತೊಟ್ಟಿಲು, ಬಾವಿಯ ರಾಟೆ, ಎಲ್ಲಕ್ಕೂ ಇದೊಂದೇ ಮದ್ದು. ಬಾಡಿಗೆ ಎತ್ತಿನಗಾಡಿಯಿಂದ ಶುರುಮಾಡಿ ಚನ್ನಗಿರಿಯಲ್ಲಿ ಸ್ವಂತ ಗೋಣಿಚೀಲದ ಅಂಗಡಿ ಇಟ್ಟವನು ನಾನು. ಈ ಸಲಹೆಯನ್ನು ಕೇಳದವರಿಗೂ ಕೊಟ್ಟಿದ್ದೇನೆ.

ಎಂಬತ್ತರ ದಶಕದ ಆರಂಭದಲ್ಲಿ ಹೊನ್ನಾಳಿಯ ನಿವೃತ್ತ ಡಾಕ್ಟರೊಬ್ಬರ ಹಳೇ ಕಾರನ್ನು ಮೂರು ದಿನ ಚೌಕಾಸಿ ಮಾಡಿ ಕೊಂಡೆ. ದುಂಡು ಬೆನ್ನು, ಉದ್ದ ಮೂತಿ. ಸಂಜೆ ಅಂಗಡಿಯೆದುರು ಅದರೊಳಗೆ ಸುಮ್ಮನೆ ಕೂತರೂ ಎಲ್ಲೋ ದೂರ ಹೋಗುತ್ತಿರುವಂತೆ ಅನಿಸುತ್ತಿತ್ತು. ದೋಷ ಒಂದೇ. ಬ್ರೇಕ್ ಒತ್ತಿದರೆ ಮುಂದಿನ ಚಕ್ರಗಳೆರಡೂ ಬೀದಿಯೇ ತಿರುಗಿ ನೋಡುವಂತೆ ಕಿರುಚುತ್ತಿದ್ದವು.

ಮೆಕ್ಯಾನಿಕ್ ರಹೀಮ್ ಸಾಬರು ಕಿವಿಗೊಟ್ಟು ಕೇಳಿದರು. "ಡ್ರಮ್ ಬಿಚ್ಚಿ ಧೂಳು ತೆಗೀಬೇಕ್ರಿ ಸಾವ್ಕಾರ್ರೆ. ಒಳಗೆ ಲೈನಿಂಗ್ ಸವೆದೈತೆ. ಹೊಸದು ಹಾಕಾಕೆ ಎರಡು ದಿನ ಬೇಕು."

ಎರಡು ದಿನ ನನ್ನಲ್ಲಿರಲಿಲ್ಲ. ಮರುದಿನವೇ ಕತ್ತಲಗೆರೆಯಲ್ಲಿ ತಂಗಿ ಸರೋಜಳ ಮದುವೆ ಮಾತುಕತೆ. ಗಂಡಿನವರಿಗೆ ಬರುವ ಬೇಸಿಗೆಯಲ್ಲೇ ಮದುವೆ ಆಗಬೇಕು. ಸರೋಜಳ ಟೀಚರ್ ಟ್ರೇನಿಂಗ್ ಮುಗಿಯಲು ಇನ್ನೂ ಒಂದು ವರ್ಷ. "ಅಣ್ಣಾ, ಅದೊಂದು ವರ್ಷ ಕೇಳ್ಕೊಂಡು ಬಾ, ಸಾಕು" ಎಂದಿದ್ದಳು. ಎರಡು ವರ್ಷ ಕೇಳಿ ಒಂದಕ್ಕೆ ಇಳಿಯುವುದೆಂದು ನಾನು ಯೋಜಿಸಿದ್ದೆ. ಅಂಥ ಮಾತಿಗೆ ಹೋಗುವವನ ಕಾರು ಕಿರುಚುತ್ತಾ ಬಂದು ನಿಂತರೆ ಮರ್ಯಾದೆಯೇ?

ಜಾಕ್ ಕೊಟ್ಟೆ, ಚಕ್ರ ಕಳಚಿದೆ, ಡ್ರಮ್ಮನ್ನು ಮರದ ಕೊಡತಿಯಿಂದ ತಟ್ಟಿ ಎಳೆದೆ. ಒಳಗೆ ಅರ್ಧಚಂದ್ರದಂಥ ಎರಡು ಪಟ್ಟಿಗಳು ಧೂಳು ಹೊದ್ದು ಮಲಗಿದ್ದವು. ಒರೆಸಿದೆ. ಅಟ್ಟದಿಂದ ಗಾಡಿ ಕಾಲದ ಕೀಲೆಣ್ಣೆ ಡಬ್ಬ ಇಳಿಸಿ, ಅಚ್ಚಿಗೆ ಹಚ್ಚುವಂತೆ ದಪ್ಪಗೆ ಬಳಿದೆ. ಎರಡೂ ಕಡೆ. ಜಿಪುಣತನ ಮಾಡಲಿಲ್ಲ.

"ಸಾಬರನ್ನ ಒಂದು ಮಾತು ಕೇಳಬಾರ್ದೇನ್ರಿ?" ಎಂದಳು ಹೆಂಡತಿ ಗಿರಿಜ.

"ಗಾಡಿ ಹೊಡೆದವನಿಗೆ ಚಕ್ರದ ಪಾಠ ಹೇಳಾಕೆ ಬರಬ್ಯಾಡ."

ಬೆಳಿಗ್ಗೆ ಗಿರಿಜ ಮುಂದೆ, ಅವ್ವ ಹಿಂದೆ ಕೂತರು. ಕಾರು ಓಡಲಿಲ್ಲ, ತೇಲಿತು. ತೆಳ್ಳಗೆ ಮಂಜು, ಕೊಯ್ದ ಗದ್ದೆಗಳಲ್ಲಿ ಬೆಳ್ಳಕ್ಕಿ, ಪಕ್ಕದಲ್ಲೇ ನಮ್ಮಷ್ಟೇ ನಿಧಾನವಾಗಿ ಬರುತ್ತಿದ್ದ ಚಾನಲ್ ನೀರು. ಅವ್ವ ನಿದ್ದೆ ಹೋದಳು. ದಾರಿಯುದ್ದಕ್ಕೂ ನಾನು ಬ್ರೇಕ್ ಮುಟ್ಟಲಿಲ್ಲ. ಬ್ರೇಕ್ ಒತ್ತುವುದೆಂದರೆ ಪೆಟ್ರೋಲ್ ಚೆಲ್ಲಿದಂತೆ ಎಂಬುದು ನನ್ನ ಇನ್ನೊಂದು ಸಲಹೆ.

ಚಾನಲ್ ಏರಿ ಇಳಿದರೆ ಗಂಡಿನ ಮನೆ. ಬಾಗಿಲಲ್ಲಿ ಆಗಬೇಕಾದ ಬೀಗರು, ಕೈಯಲ್ಲಿ ಕಾಲು ತೊಳೆಯುವ ನೀರಿನ ತಂಬಿಗೆ. ಬ್ರೇಕ್ ಒತ್ತಿದೆ. ಸದ್ದೇ ಇಲ್ಲ. ಎಂಥ ರಿಪೇರಿ ಎಂದು ನನಗೇ ಹೆಮ್ಮೆಯಾಯಿತು. ಮತ್ತೆ ಒತ್ತಿದೆ. ಹಿಂದಿನ ಬ್ರೇಕುಗಳು ಡಾಕ್ಟರಿಗಿಂತ ಮೊದಲೇ ನಿವೃತ್ತವಾಗಿದ್ದವು. ಕನಸಿನಲ್ಲಿ ಮನೆಗಳು ಸರಿಯುವಂತೆ ಬೀಗರ ಮನೆ ಪಕ್ಕದಲ್ಲೇ ಸರಿದುಹೋಯಿತು. ಅವರು ತಂಬಿಗೆ ಎತ್ತಿ ತೋರಿಸಿದರು. ಎರಡೂ ಕೈ ಸ್ಟೇರಿಂಗಿನ ಮೇಲಿದ್ದುದರಿಂದ ನಾನು ತಲೆಬಾಗಿ ವಂದಿಸಿದೆ.

"ರೀ, ಅದೇ ಮನೆ."

"ಗೊತ್ತೈತೆ."

"ಮತ್ತೆ ನಿಲ್ಸ್ರಿ."

"ನಿಲ್ಸಾಕೇ ನೋಡ್ತಿದೀನಿ."

ರಸ್ತೆ ತಿರುಗಿತು, ನಾವು ತಿರುಗಲಿಲ್ಲ. ಕಣದಲ್ಲಿದ್ದ ಭತ್ತದ ಹುಲ್ಲಿನ ಬಣವೆ ನಮ್ಮನ್ನು ಮೆತ್ತಗೆ ತಬ್ಬಿಕೊಂಡಿತು. ಗಾಜಿನ ಮೇಲೆ ಬಂಗಾರದ ಎಳೆಗಳು ಒಂದೊಂದಾಗಿ ಇಳಿದವು. ಅವ್ವ ಎಚ್ಚರಗೊಂಡು, "ಬಂತೇನೋ ಊರು?" ಎಂದಳು.

ಬಣವೆಯ ಒಡತಿ ಅಜ್ಜಿಯೊಬ್ಬಳು ಬಂದು ಕಾರನ್ನೂ ನನ್ನ ಬಿಳಿ ಪಂಚೆಯನ್ನೂ ನೋಡಿದಳು. "ಕೆಡವಿದ್ದನ್ನ ಮತ್ತೆ ಒಟ್ಟಿ ಹೋಗಪ್ಪ."

ಆಳು ಕಳಿಸುತ್ತೇನೆ ಎಂದೆ. ಸಂಜೆ ಬರುತ್ತೇನೆ ಎಂದೆ. ಅರ್ಧ ಒಟ್ಟುತ್ತೇನೆ ಎಂದೆ. ಅಜ್ಜಿ ಕಾರಿನ ಕೀಲಿಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಜೀವನದ ಅತಿ ಚಿಕ್ಕ ಚೌಕಾಸಿ ಅದು.

ಗಿರಿಜ ಸೆರಗು ಕೊಡವಿ ಹಣ್ಣಿನ ಚೀಲ ಎತ್ತಿಕೊಂಡಳು. "ನೀವು ಒಟ್ರಿ. ನಾನೂ ಅತ್ತೇರೂ ಹೋಗಿ ಮಾತಾಡ್ತೀವಿ."

"ಎರಡು ವರ್ಷ ಕೇಳು!" ಎಂದು ಬಣವೆಯ ಮೇಲಿಂದ ಕೂಗಿದೆ. ಅವಳು ತಿರುಗಿ ನೋಡಲಿಲ್ಲ.

ಮಧ್ಯಾಹ್ನ ನಾನು ಬೀಗರ ಮನೆ ಮುಟ್ಟುವಾಗ ಎಲೆ-ಅಡಿಕೆ ಬದಲಾಯಿಸಿಕೊಂಡು ಹೋಳಿಗೆ ಊಟವೂ ಮುಗಿದಿತ್ತು. ಗಿರಿಜ ಒಂದೇ ವರ್ಷ ಕೇಳಿದಳಂತೆ. "ಓದು ಮುಗೀಲಿ ಬಿಡವ್ವ" ಎಂದರಂತೆ ಗಂಡಿನ ತಾಯಿ. ಅಷ್ಟೇ ಮಾತುಕತೆ. ವಾರವಿಡೀ ನಾನು ಕಟ್ಟಿಟ್ಟಿದ್ದ ಮಾತುಗಳನ್ನು ತಣ್ಣಗಾದ ಹೋಳಿಗೆ ಜೊತೆ ನುಂಗಿದೆ.

ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಊರಿಗೆ ಬಂದು ಇಳಿದರೆ ಎದುರಿಗೇ ರಹೀಮ್ ಸಾಬರು. ನಡೆದದ್ದನ್ನೆಲ್ಲ ಕೇಳಿ ನಗಲಿಲ್ಲ, ಅದೇ ಹೆಚ್ಚು ನೋಯಿಸಿತು. "ಸಾವ್ಕಾರ್ರೆ, ಕೀಲೆಣ್ಣೆ ತಿರುಗೋ ಜಾಗಕ್ಕೆ ರೀ. ಬ್ರೇಕು ಹಿಡಿಯೋ ಜಾಗ" ಎಂದರು.

ಬಾಗಿಲಲ್ಲೇ ಕಾದಿದ್ದ ಸರೋಜ ಅವ್ವನ ಮುಖ ನೋಡಿಯೇ ಅರ್ಥಮಾಡಿಕೊಂಡಳು. "ಒಂದು ವರ್ಷ ಸಿಕ್ತಾ? ಹೆಂಗೆ ಒಪ್ಪಿಸಿದೆ ಅಣ್ಣಾ?"

ನಾನು ಗಂಟಲು ಸರಿಮಾಡಿಕೊಂಡೆ. ಗಿರಿಜ ನನ್ನ ತಲೆಯಿಂದ ಹುಲ್ಲುಕಡ್ಡಿಯೊಂದನ್ನು ತೆಗೆದು ಹೇಳಿದಳು: "ನಿಮ್ಮಣ್ಣ ಅಲ್ಲಿ ನಿಲ್ಲಲೇ ಇಲ್ಲ ಕಣೆ. ಅದಕ್ಕೇ ಆತು."