ಚಪ್ಪಲಿ ಬಿಟ್ಟು ಆಡಿದ ಗಾಲ್ಫು

ಮೊದಲೇ ಹೇಳಿಬಿಡುತ್ತೇನೆ, ನಾನು ಕೋಪಿಷ್ಠನಲ್ಲ. ನನಗೆ ಕೋಪ ಬರಿಸುವವರು ಜಾಸ್ತಿ, ಅಷ್ಟೆ. ಈ ಸಣ್ಣ ವ್ಯತ್ಯಾಸ ನನ್ನ ಹೆಂಡತಿ ಮಂಗಳಳಿಗೆ ಮದುವೆಯಾಗಿ ಹನ್ನೊಂದು ವರ್ಷವಾದರೂ ಅರ್ಥವಾಗಿರಲಿಲ್ಲ. ನಮ್ಮ ಮ್ಯಾನೇಜರಿಗಂತೂ ಅರ್ಥವಾಗುವ ಪ್ರಶ್ನೆಯೇ ಇರಲಿಲ್ಲ.

ತೊಂಬತ್ತರ ದಶಕದ ಮಾತು. ಕರಿಕಲ್ಲಿಗೆ ಹೊರದೇಶದಲ್ಲಿ ಒಳ್ಳೆಯ ಗಿರಾಕಿಯಿದ್ದ ಕಾಲ. ನಾನು ಒಂದು ಕಲ್ಲಿನ ಕಂಪನಿಯಲ್ಲಿ ಸೂಪರ್‌ವೈಸರ್. ಮನೆ ಚಾಮರಾಜನಗರದಲ್ಲಿ, ಕೆಲಸ ಗುಂಡ್ಲುಪೇಟೆಯಾಚೆ ಊಟಿ ರಸ್ತೆಯಲ್ಲಿ ಕಲ್ಲು ಒಟ್ಟಿಡುವ ಯಾರ್ಡಿನಲ್ಲಿ. ಮಂಗಳ ಚಾಮರಾಜನಗರದ ಶಾಲೆಯೊಂದರಲ್ಲಿ ಟೀಚರು, ಹಾಗಾಗಿ ಮನೆ ಬದಲಾಯಿಸುವಂತಿಲ್ಲ. ಬೆಳಗ್ಗೆ ಬಸ್ಸು, ಸಂಜೆ ಬಸ್ಸು. ಎರಡೂ ಹೊತ್ತು ನಡುದಾರಿಯ ತೆರಕಣಾಂಬಿಯವರೆಗೆ ಒಂಟಿಕಾಲಲ್ಲಿ ನಿಲ್ಲುವುದು, ಆಮೇಲೆ ಪುಣ್ಯವಿದ್ದರೆ ಎರಡು ಕಾಲು. ಒಬ್ಬರ ಅರಿಶಿನದ ಮೂಟೆ ನನ್ನ ಪಾದದ ಮೇಲೆ, ಇನ್ನೊಬ್ಬರ ಕೋಳಿ ನನ್ನ ಕಂಕುಳಲ್ಲಿ. ಇಂಥ ಪ್ರಯಾಣ ಮಾಡಿ ಬಂದವನು ಲಾರಿ ಡ್ರೈವರುಗಳಿಗೆ ಎರಡು ಮಾತು ಬೈದರೆ ಅದು ಕೋಪವೇ? ನೀವೇ ಹೇಳಿ!

ಆಗ ಚಾಮರಾಜನಗರದ ನಮ್ಮ ಆಫೀಸಿನಲ್ಲಿ ಒಂದು ಜಾಗ ಖಾಲಿಯಾಯಿತು. ನನ್ನ ಮನೆಯಿಂದ ನಡೆದರೆ ಎಲೆಅಡಿಕೆ ಅಗಿದು ಮುಗಿಯುವಷ್ಟು ದೂರ. ನಾನು ಓಡಿಹೋಗಿ ಮ್ಯಾನೇಜರ್ ಮುಂದೆ ಕೈಕಟ್ಟಿ ನಿಂತೆ.

ಅವರು ಬೆಂಗಳೂರಿನವರು. ತಲೆಗೆ ಬಿಳಿ ಟೋಪಿ, ಮಾತೆಲ್ಲ ಮೆಲ್ಲಗೆ. ಊಟಿಗೆ ಹೋಗಿ ಬಂದು ಗಾಲ್ಫ್ ಹುಚ್ಚು ಹತ್ತಿಸಿಕೊಂಡಿದ್ದರು. ಯಾರ್ಡಿನ ಪಕ್ಕದ ಬೀಳುಭೂಮಿಯಲ್ಲಿ ಮೂರು ಗುಳಿ ತೋಡಿಸಿ, ಒಂದೊಂದರಲ್ಲೂ ಕೆಂಪು ಬಟ್ಟೆಯ ಬಾವುಟ ನೆಡಿಸಿದ್ದರು.

"ಅಲ್ಲಿ ಗಿರಾಕಿಗಳ ಜೊತೆ ಮಾತಾಡಬೇಕು ಕಣ್ರೀ. ನಿಮಗೆ ಬಾಯಿ ಜಾಸ್ತಿ" ಎಂದರು.

"ಯಾವನ್ ಸಾರ್ ಹಂಗಂದೋನು?" ಎಂದು ಮೇಜು ಗುದ್ದಿದೆ. ಅವರ ಟೀ ಲೋಟ ಉರುಳಿತು.

ಅವರು ಒದ್ದೆ ಕಾಗದಗಳನ್ನು ಒಂದೊಂದಾಗಿ ಒರೆಸಿ, ಕೊನೆಗೆ ಹೇಳಿದರು: "ಒಂದು ಕೆಲಸ ಮಾಡಿ. ಗಾಲ್ಫ್ ತಾಳ್ಮೆಯ ಆಟ. ಇವತ್ತಿಗೆ ಮೂರನೇ ಭಾನುವಾರ ನನ್ನೆದುರಿಗೆ ಮೂರು ಚೆಂಡು ಹೊಡೀರಿ. ಗುಳಿಗೆ ಬೀಳಲೇಬೇಕು ಅಂತಿಲ್ಲ. ನಿಮಗೆ ಕೋಪ ಬರಬಾರದು, ಅಷ್ಟೆ. ಬರದಿದ್ದರೆ ಸೋಮವಾರವೇ ಆರ್ಡರು."

ಒಂದು ಕೋಲು, ಒಂದು ಚೆಂಡು, ಒಂದು ಗುಳಿ. ಇದರಲ್ಲಿ ಕಲಿಯುವುದೇನಿದೆ? ನಾನು ನಮ್ಮೂರು ಭೀಮನಬೀಡಿನಲ್ಲಿ ಚಿನ್ನಿದಾಂಡು ಆಡಿ ಬೆಳೆದವನು. ನನ್ನ ಚಿನ್ನಿ ಹುಡುಕಲು ಹೋದವರು ಎಷ್ಟೋ ಸಲ ಊಟದ ಹೊತ್ತಿಗೆ ವಾಪಸು ಬಂದಿದ್ದಾರೆ. ಒಪ್ಪಿಕೊಂಡೇಬಿಟ್ಟೆ.

ಹೊರಡುವಾಗ ಮ್ಯಾನೇಜರ್ ಒಂದು ಕೋಲು, ಒಂದು ಚೆಂಡು ಕೊಟ್ಟು ಉಪದೇಶ ಮಾಡಿದರು: "ಹೊಡೆಯೋದು ಮುಖ್ಯ ಅಲ್ಲ, ಹೊಡೆಯೋದಕ್ಕೆ ಮುಂಚೆ ಏನು ಮಾಡ್ತೀರಿ ಅನ್ನೋದು ಮುಖ್ಯ. ಪ್ರತಿ ಸಲವೂ ಅದೇ ಕ್ರಮ ಇರಬೇಕು. ಒಂದೂ ಬಿಡಬಾರದು, ಹಿಂದುಮುಂದು ಆಗಬಾರದು. ಪೂಜೆಗೆ ನಿಂತ ಹಾಗೆ ಅಂದ್ಕೊಳ್ಳಿ."

ಪೂಜೆಗೆ ನಿಂತ ಹಾಗೆ! ಅಷ್ಟು ಹೇಳಿದರೆ ಸಾಕಲ್ಲ. ಬಸ್ಸಿನಲ್ಲಿ ಕೋಳಿಯ ಪಕ್ಕ ನಿಂತೇ ಕ್ರಮವನ್ನು ಸಿದ್ಧಪಡಿಸಿದೆ. ಮೊದಲು ಚಪ್ಪಲಿ ಬಿಡುವುದು. ಚಪ್ಪಲಿ ಹಾಕಿಕೊಂಡು ಯಾರಾದರೂ ಪೂಜೆಗೆ ನಿಲ್ಲುತ್ತಾರೆಯೇ? ಎರಡನೆಯದು, ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಮೂರನೆಯದು, ಕಣ್ಣು ಮುಚ್ಚಿ ಮೂರು ಸಲ ಉದ್ದಕ್ಕೆ ಉಸಿರೆಳೆದು, ಒಂದೊಂದು ಉಸಿರಿಗೂ ನಮ್ಮ ಬೆಟ್ಟದ ದೇವರು ಮಾದಪ್ಪನನ್ನು ನೆನೆಯುವುದು. ಆಮೇಲೆ ಕಣ್ಣು ಬಿಟ್ಟು ಬಾವುಟ ನೋಡಿ ಹೊಡೆಯುವುದು. ನಡುವೆ ಯಾರಾದರೂ ಅಡ್ಡ ಬಂದರೆ, ಚಪ್ಪಲಿ ಹಾಕಿಕೊಂಡು ಮೊದಲಿನಿಂದ ಶುರು.

ಮಾರನೆಯ ಬೆಳಗ್ಗೆ ಹಿತ್ತಿಲಿಗೆ ಇಳಿದೆ. ಮ್ಯಾನೇಜರ್ ಕೊಟ್ಟ ಚೆಂಡು ಕಲ್ಲಿನಂತಿತ್ತು. ಅದನ್ನು ಹೊಡೆದರೆ ಬೀದಿಯ ಹೆಂಚು ಒಂದೂ ಉಳಿಯುತ್ತಿರಲಿಲ್ಲ. ಅದಕ್ಕೇ ದೂರಾಲೋಚನೆ ಮಾಡಿ ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಂದಿಟ್ಟುಕೊಂಡೆ. ಚಪ್ಪಲಿ ಬಿಟ್ಟೆ. ನೆಲ ಮುಟ್ಟಿದೆ. ಕಣ್ಣು ಮುಚ್ಚಿ "ಮಾದಪ್ಪಾ" ಎಂದು ಮೂರು ಸಲ ಗೊಣಗಿದೆ. ಕಣ್ಣು ಬಿಟ್ಟು ಬೀಸಿದೆ. ಆಹಾ! ನಿಂಬೆಹಣ್ಣು ಬೇಲಿ ಹಾರಿ ಪಕ್ಕದ ಮನೆ ಚಿಕ್ಕತಾಯಮ್ಮನ ಹೊಸಿಲ ಮೇಲೆ ನೆಟ್ಟಗೆ ಹೋಗಿ ಕೂತಿತು.

ಚಿಕ್ಕತಾಯಮ್ಮ ರಂಗೋಲಿ ಡಬ್ಬಿ ಹಿಡಿದು ಬೇಲಿಯ ಪಕ್ಕದಲ್ಲೇ ನಿಂತಿದ್ದಳು. ಮೊದಲಿನಿಂದ ನೋಡಿದ್ದಳು.

"ಅಯ್ಯಯ್ಯಪ್ಪೋ! ನನ್ ಮನೆ ಆಳ್ ಮಾಡಕೆ ಮಾಟ ಮಾಡ್ಬುಟ್ಟವ್ನಲ್ಲಪ್ಪೋ! ಬನ್ರಪ್ಪೋ ಬನ್ನಿ!"

ಬೀದಿಗೆ ಬೀದಿಯೇ ಬಂತು. ನಾನು ಕೋಲು ಎತ್ತಿ ಹಿಡಿದು, "ಇದು ಗಾಲ್ಫು! ಶ್ರೀಮಂತರ ಆಟ!" ಎಂದೆ.

"ಸಿರಿಮಂತ್ರು ಬರಿಗಾಲಲ್ಲಿ ನಿಂಬೆಹಣ್ ಮುಂದೆ ಕಣ್ಮುಚ್ಕಂಡು ಮಂತ್ರ ಏಳಾರಾ? ಯಾರ್ ಕಿವಿಗ್ ಊವ ಇಕ್ಕೀಯೆ?" ಎಂದಳು ಚಿಕ್ಕತಾಯಮ್ಮ.

ಪಿತ್ತ ನೆತ್ತಿಗೇರಿತು. ಆಗ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಂಗಳ ಓಡಿಬಂದು ನನ್ನನ್ನು ಒಳಗೆ ತಳ್ಳಿ, ಚಿಕ್ಕತಾಯಮ್ಮನಿಗೆ ಅರಿಶಿನ ಕುಂಕುಮ ಕೊಟ್ಟು, ಆ ಹೊಸಿಲನ್ನು ತಾನೇ ಸಗಣಿ ಹಾಕಿ ಸಾರಿಸಿ ಬಂದಳು. ಶಾಲೆಗೆ ತಡವಾಯಿತು. ಹೋಗುವ ಮುಂಚೆ ನನ್ನೆದುರು ನಿಂತು, "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರತ್ತೇನ್ರೀ?" ಎಂದಳು.

"ನಾನೇನು ಅವಳ ಮೂಗು ಕೊಯ್ದೆನಾ?"

"ನಿಮ್ಮ ಮೂಗೇ ಕೊಯ್ಕೊಳ್ತಾ ಇದೀರಿ! ಅಲ್ಲ, ನಿಂಬೆಹಣ್ಣಿಗೆ ಹೊಡೆಯೋಕೆ ಅಷ್ಟೊಂದು ಶಾಸ್ತ್ರ ಮಾಡ್ತೀರಲ್ಲ, ಮನುಷ್ಯರ ಮೇಲೆ ಬಾಯಿ ಬಿಡೋ ಮುಂಚೆ ಅದನ್ನೇ ಮಾಡಿದ್ರೆ ಏನು ಗಂಟು ಹೋಗತ್ತೆ?"

ಹೆಂಗಸರ ಮಾತು ಕೇಳುವ ಅಭ್ಯಾಸ ನನಗಿಲ್ಲ. ಆದರೆ ಬಸ್ಸು ನೆನಪಾಯಿತು. ಕೇಳಿದೆ. ಅಂದಿನಿಂದ ಸಿಟ್ಟು ಬಂದಾಗಲೂ ಚಪ್ಪಲಿ ಬಿಟ್ಟೆ, ನೆಲ ಮುಟ್ಟಿದೆ, ಉಸಿರೆಳೆದೆ. ದಿನಕ್ಕೆ ಎಷ್ಟು ಸಲ ಎಂದು ಕೇಳಬೇಡಿ. ಯಾರ್ಡಿನಲ್ಲಿ ಕಲ್ಲಿನ ಚೂರು ಚುಚ್ಚಿಸಿಕೊಂಡೆ, ಹಿತ್ತಿಲಲ್ಲಿ ನೆಗ್ಗಿಲು ಮುಳ್ಳು ತುಳಿದೆ. ಚಿಕ್ಕತಾಯಮ್ಮ ನನ್ನನ್ನು ಕಂಡಾಗಲೆಲ್ಲ ತೂ ಎಂದು ಉಗಿದು ಒಳಗೆ ಹೋಗುತ್ತಿದ್ದಳು. ಬೀದಿಯಲ್ಲಿ ನಾನು ಮಾಟಗಾರ ಎಂದೇ ಆಯಿತು. ಎಲ್ಲವನ್ನೂ ನುಂಗಿಕೊಂಡೆ!

ಆ ಭಾನುವಾರ ಬಂತು. ಯಾರ್ಡಿನವರೆಲ್ಲ ರಜೆಯಿದ್ದರೂ ಬಂದಿದ್ದರು. ಎಲ್ಲರ ಮುಂದೆ ಕ್ರೇನ್ ಓಡಿಸುವ ಶಿವಮಲ್ಲು. ನನ್ನಿಂದ ಅತಿ ಹೆಚ್ಚು ಬೈಸಿಕೊಂಡವನು ಅವನೇ. ಅದಕ್ಕೇ ಅತಿ ಹೆಚ್ಚು ಖುಷಿಯಲ್ಲಿದ್ದ.

ಮೊದಲ ಚೆಂಡು. ಕ್ರಮವೆಲ್ಲ ಮುಗಿಸಿ ಬೀಸಿದೆ. ಒಂದು ಮಂಕರಿಯಷ್ಟು ಮಣ್ಣು ಎದ್ದು ನನ್ನ ಬಾಯಿಗೇ ಬಿತ್ತು. ಚೆಂಡು ಇದ್ದಲ್ಲೇ ಇತ್ತು. ಹಿಂದಿನಿಂದ ಯಾರೋ, "ಸಾ, ಸಸಿ ನೆಡೀರಾ?" ಎಂದ. ಮೈಯೆಲ್ಲ ಉರಿಯಿತು. ಮಣ್ಣು ಉಗಿದೆ. ಸುಮ್ಮನಾದೆ. ಮ್ಯಾನೇಜರ್ ತಲೆದೂಗಿದರು.

ಎರಡನೆಯದಕ್ಕೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆ. ಚಪ್ಪಲಿ ಬಿಟ್ಟೆ, ನೆಲ ಮುಟ್ಟಿದೆ, ಕಣ್ಣು ಮುಚ್ಚಿದೆ. ಇನ್ನೂ ಮೊದಲ ಉಸಿರು ಎಳೆಯುವಷ್ಟರಲ್ಲಿ ಶಿವಮಲ್ಲು ಬಾಯಿ ಹಾಕಿದ.

"ಸಾ, ಒಂದ್ ಮಾತು."

ಕ್ರಮ ಕೆಟ್ಟಿತು! ಚಪ್ಪಲಿ ಹಾಕಿಕೊಂಡು, ಹಲ್ಲು ಕಚ್ಚಿಕೊಂಡೇ ಮೆಲ್ಲಗೆ ಹೇಳಿದೆ: "ಅಪ್ಪಾ ಶಿವಮಲ್ಲು, ನಾನು ಕಣ್ಣು ಮುಚ್ಚಿದ ಮೇಲೆ ಆಕಾಶವೇ ಕಳಚಿ ಬಿದ್ದರೂ ನೀನು ತುಟಿ ಬಿಚ್ಚಬೇಡ. ಯಾರೂ ಬಿಚ್ಚಬೇಡಿ. ಗೊತ್ತಾಯ್ತಾ?"

"ಸರಿ ಬುಡಿ ಸಾ. ನನಗೇನು" ಎಂದ.

ಮತ್ತೆ ಚಪ್ಪಲಿ ಬಿಟ್ಟು ನಿಂತೆ. ನಿಂತ ಮೇಲೆ ತಿಳಿಯಿತು, ಅವನು ಹೇಳಬೇಕೆಂದಿದ್ದ ಆ ಒಂದು ಮಾತು ಏನೆಂದು. ನಾನು ನಿಂತಿದ್ದದ್ದು ಕೆಂಪಿರುವೆಯ ಗೂಡಿನ ಮೇಲೆ. ಮೊದಲ ಉಸಿರಿಗೆ ಪಾದ, ಎರಡನೆಯ ಉಸಿರಿಗೆ ಮೊಣಕಾಲು, ಮೂರನೆಯ ಉಸಿರಿಗೆ ಹೇಳಬಾರದ ಜಾಗ. ಮಾದಪ್ಪನನ್ನು ಅಷ್ಟು ಭಕ್ತಿಯಿಂದ ನಾನು ಬೆಟ್ಟಕ್ಕೆ ಹೋದಾಗಲೂ ಕೂಗಿರಲಿಲ್ಲ! ಕುಣಿಯುತ್ತಲೇ ಹೊಡೆದೆ. ಚೆಂಡು ಹಿಂದಕ್ಕೆ ಹೋಗಿ ಹಸಿ ಸಗಣಿಯಲ್ಲಿ ಹೂತಿತು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗಲೂ ನಾನು ಕೋಪಿಸಿಕೊಳ್ಳಲಿಲ್ಲ. ಪ್ಯಾಂಟು ಕೊಡವಿಕೊಂಡು, ಇನ್ನೊಂದೇ ಚೆಂಡು, ಆಮೇಲೆ ಆ ಬಸ್ಸಿನ ಮುಖ ನೋಡುವಂತಿಲ್ಲ ಎಂದುಕೊಂಡೆ.

ಮೂರನೆಯ ಚೆಂಡು. ಜಾಗ ಬದಲಾಯಿಸಿದೆ, ನೆಲ ಪರೀಕ್ಷಿಸಿದೆ, ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿದೆ. ಎಂಥ ಮೌನ! ಒಬ್ಬರೂ ಕೆಮ್ಮಲಿಲ್ಲ. ಕೊನೆಗೂ ಜನಕ್ಕೆ ನನ್ನ ಮೇಲೆ ಗೌರವ ಬಂತಲ್ಲ ಎಂದು ಮನಸ್ಸು ತುಂಬಿಬಂತು. ಮೂರೂ ಉಸಿರು ನಿಧಾನವಾಗಿ ಮುಗಿಸಿ ಕಣ್ಣು ಬಿಟ್ಟೆ. ಬಾವುಟ ನೋಡಿದೆ. ಕೋಲೆತ್ತಿ ಕೆಳಗೆ ನೋಡಿದೆ.

ಚೆಂಡು ಇರಲಿಲ್ಲ.

"ಚೆಂಡೆಲ್ಲಿ?"

ಯಾರೂ ಮಾತಾಡಲಿಲ್ಲ.

"ಶಿವಮಲ್ಲು, ಚೆಂಡೆಲ್ಲಯ್ಯಾ?"

"ಈಗ ತುಟಿ ಬಿಚ್ಬೋದಾ ಸಾ?" ಎಂದು ಕೇಳಿ, ಅಪ್ಪಣೆಯಾದ ಮೇಲೆ ಅವನು ಹೇಳಿದ: "ನಾಯಿ ಕಚ್ಕಂಡ್ ಓಯ್ತು ಸಾ. ನೀವು ಎರಡ್ನೆ ಉಸ್ರು ಎಳಿತಿದ್ರಲ್ಲಾ, ಆಗ್ಲೇಯ. ನೀವೇ ಮಾತಾಡ್ಬ್ಯಾಡಿ ಅಂದಿದ್ರಿ, ಅದ್ಕೇಯ ನಾವು ಸುಮ್ಕಿದ್ವಿ."

ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಆದರೆ, ಓದುಗರೇ, ಮಾದಪ್ಪನಾಣೆಗೂ ನಾನು ನಕ್ಕೆ! ನನ್ನ ವಂಶದಲ್ಲೇ ಮೊದಲ ಸಲ, ಕೋಪ ಬರಬೇಕಾದ ಜಾಗದಲ್ಲಿ ಒಬ್ಬ ಮನುಷ್ಯ ನಕ್ಕಿದ್ದ.

ಮ್ಯಾನೇಜರ್ ಚಪ್ಪಾಳೆ ತಟ್ಟುತ್ತಾ ಬಂದು ಕೈ ಕುಲುಕಿದರು. "ಭೇಷ್! ನಾಳೆ ಬೆಳಗ್ಗೆ ಆರ್ಡರ್ ತಗೊಳ್ಳಿ. ಚಾಮರಾಜನಗರ ನಿಮ್ಮದು."

ಕಣ್ಣಲ್ಲಿ ನೀರು ಬಂತು. ಅಷ್ಟಕ್ಕೇ ಆ ಮಹಾನುಭಾವರು ಸುಮ್ಮನಿರಬಾರದೇ?

"ಅಲ್ಲಾ, ಒಂದು ಸಣ್ಣ ಅನುಮಾನ. ಪ್ರತಿ ಸಲ ಚಪ್ಪಲಿ ಯಾಕೆ ಬಿಡ್ತಿದ್ರಿ?"

"ನೀವೇ ಹೇಳಿದ್ರಲ್ಲಾ ಸಾರ್. ಪೂಜೆಗೆ ನಿಂತ ಹಾಗೆ ಅಂತ."

ಅವರು ಟೋಪಿ ತೆಗೆದು ನಗತೊಡಗಿದರು. "ಅಯ್ಯೋ, ಅದು ಸುಮ್ಮನೆ ಮಾತಿಗೆ ಹೇಳಿದ್ದು ಕಣ್ರೀ!"

ಮಾತಿಗೆ ಹೇಳಿದ್ದು.

"ಮಾತಿಗಾ? ನಿಮ್ಮ ಮಾತಿಗೆ ಬೆಂಕಿ ಬೀಳ!" ಎಂದೆ. ಅದು ಆರಂಭ ಮಾತ್ರ. "ಮೂರು ವಾರ ಮುಳ್ಳು ತುಳಿದೋನು ನಾನು! ಬೀದೀಲಿ ಮಾಟಗಾರ ಅನ್ನಿಸ್ಕೊಂಡೋನು ನಾನು! ಇರುವೆ ಕೈಲಿ ಕಚ್ಚಿಸ್ಕೊಂಡೋನು ನಾನು! ನಿಮಗಿದು ಮಾತಾ? ನಿಮ್ಮ ಟೋಪಿ, ನಿಮ್ಮ ಬಾವುಟ, ನಿಮ್ಮ ದರಿದ್ರ ಗುಳಿ!" ಮೂರು ವಾರದಿಂದ ನುಂಗಿಟ್ಟಿದ್ದೆಲ್ಲ ಬಡ್ಡಿಸಮೇತ ಹೊರಬಂತು. ಕೊನೆಗೆ ಕೋಲನ್ನು ಬೀಸಿ ಎಸೆದೆ. ಅದು ಗಾಳಿಯಲ್ಲಿ ಸುತ್ತುತ್ತಾ ಹೋಗಿ ಸೀದಾ ಗುಳಿಗೆ ಬಿದ್ದು, ಬಾವುಟದ ಪಕ್ಕದಲ್ಲೇ ನೆಟ್ಟಗೆ ನಿಂತಿತು. ಆ ದಿನ ಗುರಿ ಮುಟ್ಟಿದ್ದು ಅದೊಂದೇ.

ಮ್ಯಾನೇಜರ್ ಟೋಪಿ ಹಾಕಿಕೊಂಡರು. "ನೀವು ಗುಂಡ್ಲುಪೇಟೆಯಲ್ಲೇ ಚೆನ್ನಾಗಿದ್ದೀರಿ" ಎಂದು ಮೆಲ್ಲಗೆ ಹೇಳಿ ಹೊರಟುಹೋದರು.

"ಬೋ ಚೆಂದಾಗಿ ಬೈದ್ರಿ ಸಾ. ಆದ್ರೂ ಒಂದ್ ಗಳಿಗೆ ತಡ್ಕಂಡಿದ್ರೆ ಕೆಲ್ಸ ಆಗೋದು" ಎಂದ ಶಿವಮಲ್ಲು. ಅವನ ದನಿಯಲ್ಲಿ ನಿಜವಾದ ಬೇಸರವಿತ್ತು. ಅದು ನನ್ನನ್ನು ಇನ್ನೂ ರೇಗಿಸಿತು.

ಆರ್ಡರು ಹೋಯಿತು, ಬಸ್ಸು ಉಳಿಯಿತು. ಆದರೆ ಹಾಳು ಅಭ್ಯಾಸ ನೋಡಿ, ಅದು ಬಿಟ್ಟುಹೋಗಲಿಲ್ಲ. ರಿಟೈರಾಗುವ ವಯಸ್ಸು ಹತ್ತಿರ ಬಂತು, ಇವತ್ತಿಗೂ ಸಿಟ್ಟು ಬಂದರೆ ಮೊದಲು ಕಾಲಿನಿಂದ ಚಪ್ಪಲಿ ತಾನಾಗಿ ಕಳಚುತ್ತದೆ. ಯಾರ್ಡಿನವರಿಗೆ ಗುರುತು ಸಿಕ್ಕಿಬಿಟ್ಟಿದೆ. ನಾನು ಚಪ್ಪಲಿ ಬಿಟ್ಟ ತಕ್ಷಣ ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ. ಮೂರು ಉಸಿರು ಮುಗಿಸಿ ಕಣ್ಣು ಬಿಟ್ಟರೆ ಎದುರಿಗೆ ಬೈಯಲು ಒಂದು ನರಪಿಳ್ಳೆಯೂ ಇರುವುದಿಲ್ಲ.

ಮೊನ್ನೆ ಸಂಜೆ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದೆ. ಕಂಡಕ್ಟರ್, "ಜಾಗ ಇಲ್ಲ, ಇಳಿಯಯ್ಯಾ" ಎಂದುಬಿಟ್ಟ. ನನ್ನನ್ನು! ಇಷ್ಟು ವರ್ಷದ ಗಿರಾಕಿಯನ್ನು! ಫುಟ್‌ಬೋರ್ಡಿನ ಮೇಲೆಯೇ ಚಪ್ಪಲಿ ಬಿಟ್ಟೆ. ಇಳಿದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಣ್ಣು ಮುಚ್ಚಿ ಮೂರು ಉಸಿರೆಳೆದೆ. ಕಣ್ಣು ಬಿಟ್ಟಾಗ ಬಸ್ಸು ಹೋಗಿತ್ತು. ನನ್ನ ಚಪ್ಪಲಿಯೂ ಅದರಲ್ಲೇ ಹೋಗಿತ್ತು.

ಮುಂದಿನ ಬಸ್ಸು ಹಿಡಿದು ಬರಿಗಾಲಲ್ಲಿ ಮನೆ ಮುಟ್ಟಿದೆ. ಮಂಗಳ ಬಾಗಿಲಲ್ಲೇ ನನ್ನ ಕಾಲು ನೋಡಿ, ಎಲ್ಲ ಕೇಳಿಸಿಕೊಂಡು, "ಕಂಡಕ್ಟರಿಗೆ ಒಂದು ಮಾತೂ ಬೈಲಿಲ್ಲ ತಾನೇ? ಸದ್ಯ! ಕೊನೆಗೂ ನಿಮಗೆ ತಾಳ್ಮೆ ಬಂತಲ್ಲ ಬಿಡಿ" ಎಂದು ನಕ್ಕಳು.

ಎಲ್ಲಿಲ್ಲದ ಕೋಪ ಬಂತು. ಇವತ್ತು ಬಿಡುವುದೇ ಇಲ್ಲ ಎಂದುಕೊಂಡು ಚಪ್ಪಲಿ ಕಳಚಲು ಕಾಲು ನೋಡಿಕೊಂಡೆ. ಚಪ್ಪಲಿ ಇರಲಿಲ್ಲ. ಮೊದಲ ಕ್ರಮವೇ ಇಲ್ಲದ ಮೇಲೆ ಬೈಗುಳ ಶುರುವಾಗುವುದಾದರೂ ಎಲ್ಲಿಂದ?

ಸುಮ್ಮನೆ ಒಳಗೆ ಹೋಗಿ ಅವಳು ಕೊಟ್ಟ ಕಾಫಿ ಕುಡಿದೆ. ಸಕ್ಕರೆ ಹಾಕಿರಲಿಲ್ಲ.