ವಿಭೂತಿ ಹಚ್ಚಿದ ದೆವ್ವ

ಮಕ್ಕಳನ್ನು ಕಾಲೇಜಿಗೆ ಕಳಿಸಿದ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಪೂಜೆ ಮುಗಿಸಿ ಎದ್ದವನಿಗೆ ದಿನವೂ ಒಂದು ಸೋಜಿಗ ಕಾದಿರುತ್ತದೆ. ನಮ್ಮ ಮಗಳು ತಾಂಬಾದಿಂದ ಸಿಂದಗಿಯ ಕಾಲೇಜಿಗೆ ಹೋಗುತ್ತಾಳೆ. ಅಲ್ಲಿ ಮೊಬೈಲಿನಲ್ಲೇ ಒಂದು ಸಣ್ಣ ಸಿನಿಮಾ ಮಾಡಬೇಕಂತೆ. ದೆವ್ವದ್ದೋ, ಪ್ರೀತಿಯದೋ, ಕೊಲೆಯದೋ, ಬಗೆ ಯಾವುದೆಂದು ಸೋಮವಾರದೊಳಗೆ ಹೇಳಬೇಕು. ಇಲ್ಲದಿದ್ದರೆ ಬೇರೆಯವರ ತಂಡದಲ್ಲಿ ಛತ್ರಿ ಹಿಡಿದು ನಿಲ್ಲು ಎಂದಿದ್ದರಂತೆ ಮೇಡಂ. ಡೈರೆಕ್ಟರ್ ಆಗಹೊರಟವಳಿಗೆ ಛತ್ರಿ ಎಂದರೆ ಹೇಗಾದೀತು? ಒಂದೊಂದೇ ಬಗೆ ತೆಗೆದು ನೋಡುತ್ತೇನೆ ಎಂದಳು.

ದೆವ್ವ

ಕೂದಲು ಬಿಚ್ಚಿಕೊಂಡು ಹಿತ್ತಲ ಬಾಗಿಲಿಂದ ಬರುವ ಕೆಲಸ ನನ್ನ ಹೆಂಡತಿಗೆ ಬಿತ್ತು. ಕೂದಲಿಗೆ ಒಪ್ಪಿದಳು. ಹಣೆಯ ವಿಭೂತಿ ಅಳಿಸು ಎಂದಾಗ ಮಾತ್ರ ಒಪ್ಪಲಿಲ್ಲ.

"ದೆವ್ವ ಆದ್ರೇನಾತು, ಬರೀ ಹಣಿಲೆ ಹೊರಗ ಬರಾಕಿ ಅಲ್ಲ ನಾ."

ಹಾಗೆಯೇ ಬಂದಳು. ಎದುರಿಗೆ ಸಿಕ್ಕ ಪಕ್ಕದ ಮನೆಯಾಕೆ ಅಂಜಲಿಲ್ಲ. ತಲೆ ತೊಳೆದುಕೊಂಡಿಯೇನು ಎಂದು ವಿಚಾರಿಸಿ, ಒಂದಿಷ್ಟು ಮಜ್ಜಿಗೆ ಕೇಳಿದಳು. ದೆವ್ವ ಒಳಗೆ ಹೋಗಿ ಮಜ್ಜಿಗೆ ತಂದು ಕೊಟ್ಟಿತು.

ಪ್ರೀತಿ

ಮರುದಿನ ಮಗಳ ಜೊತೆ ಓದುವ ಇಬ್ಬರು ಬಂದರು. ಹುಡುಗ ಬಾಗೇವಾಡಿಯವನು, ಹುಡುಗಿ ಆಲಮೇಲದವಳು. ಬೇವಿನ ಮರದ ಕೆಳಗೆ ಕೂತು ಒಬ್ಬರನ್ನೊಬ್ಬರು ನೋಡಬೇಕು, ಅಷ್ಟೇ. ದಾರಿಯಲ್ಲಿ ಹೊರಟಿದ್ದ ನಮ್ಮ ಕಾಕಾ ಬೈಕು ನಿಲ್ಲಿಸಿ ಹುಡುಗನ ಮನೆತನ ಕೇಳಿದರು, ಹೊಲ ಕೇಳಿದರು, ಮುಳವಾಡದ ಕಾಲುವೆ ನೀರು ಬಂತೇ ಎಂದೂ ಕೇಳಿದರು. ಬಂದಿದೆ ಎಂದ. ಕಾಕಾ ಹುಡುಗಿಯ ಕಡೆ ತಿರುಗಿದರು.

"ನೀರು ಐತಿ ತಂಗಿ. ಹೂಂ ಅಂದುಬಿಡು."

ಹುಡುಗಿ ಬ್ಯಾಗು ಹೆಗಲಿಗೇರಿಸಿ ಬಸ್ಸು ಹಿಡಿದಳು. ಪ್ರೀತಿ ಶುರುವಾಗುವ ಮೊದಲೇ ಮದುವೆಯ ಮಾತು ಮುಗಿದಿತ್ತು.

ಕೊಲೆ

ಉಳಿದದ್ದು ಇದೊಂದೇ. ಎರಡು ಸಲ ಓಣಿಯವರಿಂದ ಕೆಟ್ಟದ್ದಕ್ಕೆ ಈ ಸಲ ಯಾರಿಗೂ ಹೇಳದೆ, ಕಿಟಕಿಯ ಒಳಗಿಂದ ಮೊಬೈಲ್ ಹಿಡಿಯುವುದೆಂದು ಮಗಳು ನಿಶ್ಚಯಿಸಿದಳು. ಹೆಣ ನಾನು. ಅಂಗಳದಲ್ಲಿ ಮಲಗು ಎಂದಳು. ನಮ್ಮಲ್ಲಿ ಸತ್ತವರನ್ನು ಮಲಗಿಸಿಡುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ ಕೂಡಿಸುತ್ತಾರೆ. ಹಾಗಾದರೆ ಸಾಯುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದೆ.

ತಾಯಿ, ಮಗಳು ಹಾಗೆಯೇ ಸಿಂಗರಿಸಿ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂಡಿಸಿ ಒಳಗೆ ಹೋದರು. ನಾನು ಕಣ್ಣು ಮುಚ್ಚಿದೆ. ಮಜ್ಜಿಗೆಯಾಕೆ ನೀರಿನ ಕೊಡ ಹೊತ್ತು ಬಂದವಳು ನೋಡಿದಳು. ಕೊಡ ಬಿದ್ದ ಸಪ್ಪಳ ಕೇಳಿತು, ಆಮೇಲೆ ಅಳು. ಓಣಿ ಕೂಡಿತು. ಹೆಂಡತಿ ಒಳಗಿಂದ ಏನೋ ಹೇಳಹೋದಳಂತೆ, ಮಗಳು ಅವಳ ಬಾಯಿ ಮುಚ್ಚಿದಳಂತೆ. ಅಷ್ಟರಲ್ಲಿ ಹಾರ್ಮೋನಿಯಂ ಪೇಟಿ, ತಾಳದೊಡನೆ ನಮ್ಮ ಭಜನೆಯ ಮೇಳವೇ ಬಂದು ಕೂತು ಹಾಡತೊಡಗಿತು.

ಅಳುವವರ ನಡುವೆ ನಾನು ಅಲುಗಲಿಲ್ಲ. ಆದರೆ ಆ ಮೇಳದಲ್ಲಿ ಮೊದಲಿನಿಂದಲೂ ಹಿಮ್ಮೇಳ ಎತ್ತುವವನು ನಾನೇ. ಮುಂದೆ ಹಾಡುವವರು ಒಂದು ನುಡಿ ಮುಗಿಸಿ ನಿಲ್ಲಿಸಿದರು. ಯಾರೂ ಎತ್ತಲಿಲ್ಲ. ತಾಳ ಸುಮ್ಮನೆ ಬೀಳುತ್ತಿತ್ತು. ದೇವರ ಹೆಸರು ನಡುವೆ ನಿಲ್ಲಬಾರದಲ್ಲ, ನಾನು ಎತ್ತಿದೆ.

ಕಣ್ಣು ತೆರೆದಾಗ ಅಂಗಳದಲ್ಲಿ ಪೇಟಿ ಮತ್ತು ಚಪ್ಪಲಿಗಳು ಮಾತ್ರ ಇದ್ದವು.

ಮಗಳ ಸಿನಿಮಾ ಕೆಡಿಸಿದೆನಲ್ಲ ಎಂದು ನಾನು ತಲೆ ತಗ್ಗಿಸಿದೆ. ಅವಳು ಕಿಟಕಿಯಲ್ಲಿ ಮೊಬೈಲ್ ನೋಡುತ್ತಿದ್ದಳು.

"ಅಪ್ಪಾ, ಬಗಿ ಸಿಕ್ತು. ದೆವ್ವದ್ದ."

ಹೆಂಡತಿ ನನ್ನ ಹಣೆಯನ್ನು ನಿಧಾನವಾಗಿ ನೋಡಿದಳು.

"ವಿಭೂತಿ ಹಚ್ಕೊಂಡು ನಾ ಬಂದ್ರ ಮಜ್ಜಿಗಿ ಕೇಳಿದ್ರು," ಎಂದಳು. "ನೀವು ಬರೇ ಬಾಯಿ ತೆರದ್ರ ಓಣಿನ ಖಾಲಿ ಆತು ನೋಡ್ರಿ."